ಹಾದಿಯವ್ವನ ಕಲ್ಲು ಅಂಗಳದಲ್ಲಿರುವಾಗಲೇ

ಒಣಹೊಳೆ ಶಕೆ ತೊಂಬತ್ತು, ಎರಡನೆಯ ಭಾದ್ರಪದ, ತಿಂಗಳ ಏಳನೆಯ ಮಂಗಳವಾರ
ಹಾಲಗುಂದಿ

ಶಾಂತವ್ವ ಆಯಿಯವರಿಗೆ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಅಂಥ ದಿನ ಇಲ್ಲವೆಂದು ನನಗೆ ಗೊತ್ತು. ಮಳೆ ತನ್ನ ಕಾಲವನ್ನು ಬದಲಿಸಿದ ಮೇಲೆ ನಮ್ಮ ಹಿರಿಯರು ತಿಂಗಳುಗಳನ್ನು ಹಿಗ್ಗಿಸಿ ಮಳೆಗೆ ಹೊಂದಿಸಿಕೊಂಡರು. ಹೀಗಾಗಿ ನಮ್ಮ ಒಂದು ತಿಂಗಳಲ್ಲಿ ಏಳು ಮಂಗಳವಾರ ಬರುವುದು ಸಹಜ. ನನ್ನ ಕನ್ನಡವೂ ನಿಮ್ಮ ಕಿವಿಗೆ ಸ್ವಲ್ಪ ಸೊಟ್ಟಗೆ ಕೇಳಬಹುದು. ಹಳೆಯ ಬರಹಗಳನ್ನು ಓದಿ ನಿಮ್ಮ ಕಾಲದ ಮಾತನ್ನು ಕಲಿತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೆಸರು ಹೊನ್ನವ್ವ, ನಿಮ್ಮ ಕಿರಿಯ ಮಗ ಚನ್ನವೀರನ ವಂಶದವಳು. ನಿಮ್ಮಿಂದ ನನ್ನವರೆಗೆ ಎಷ್ಟು ತಲೆಮಾರು ಎಂದು ಎಣಿಸುತ್ತಾ ಕೂತರೆ ಈ ಹಾಳೆ ಅದಕ್ಕೇ ಮುಗಿದೀತು. ಸುಮ್ಮನೆ ಆಯಿ ಅನ್ನುತ್ತೇನೆ, ಒಪ್ಪಿಕೊಳ್ಳಿ.

ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಹಿಂದಕ್ಕೆ ಹೋಗುವ ಓಲೆ. ಅದು ಹೇಗೆ ಹೋಗುತ್ತದೆ ಎಂದು ಮಾತ್ರ ಕೇಳಬೇಡಿ. ಅದನ್ನು ಬಲ್ಲವರು ಬೇರೆ ಇದ್ದಾರೆ, ನನ್ನದು ರಸ್ತೆಯ ಕೆಲಸ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಓಲೆ. ಬರೆಯುವವರೂ ಓದುವವರೂ ಇಬ್ಬರೂ ಮುಟ್ಟಿದ ವಸ್ತುವೊಂದು ಬೇಕು. ಓಲೆ ಅದರ ಬುಡಕ್ಕೇ ಹೋಗಿ ಬೀಳುತ್ತದೆ, ಆ ವಸ್ತು ನಿಮ್ಮ ಕೈಗೆ ಬಂದ ದಿನಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ನಮ್ಮಿಬ್ಬರ ಕೈಯೂ ತಾಗಿದ್ದು ಒಂದೇ ಒಂದು, ನೀವು ಹೊಲದಿಂದ ತರಿಸಿ ಅಂಗಳದಲ್ಲಿ ಇಟ್ಟುಕೊಂಡಿರುವ ಆ ಕರಿಕಲ್ಲು, ಅದು ನಮ್ಮ ಕಾಲಕ್ಕೂ ಉಳಿದಿದೆ. ನಿಮ್ಮ ಹಿರಿಯ ಮಗ ಫಕ್ಕೀರೇಶ ಹೈವೇಯಲ್ಲಿ ಜೀವ ಬಿಟ್ಟ ಮೇಲೆಯೇ ಅದು ನಿಮ್ಮ ಮನೆಗೆ ಬಂದದ್ದು. ಆದ್ದರಿಂದ ಅವನನ್ನು ಉಳಿಸುವ ಮಾತು ಈ ಕಾಗದದಲ್ಲಿ ಇಲ್ಲ, ಆಯಿ. ಮಗನನ್ನು ಕಳೆದುಕೊಂಡ ತಾಯಿಗೆ ಕಾಗದ ಬರೆದು, ಅವನ ವಿಷಯದಲ್ಲಿ ನನ್ನ ಕೈಲಿ ಏನೂ ಆಗದು ಎಂದು ಹೇಳಬೇಕಾಗಿದೆ.

ಅವನು ಬಿದ್ದ ಜಾಗದಲ್ಲೇ ಈ ಕಲ್ಲು ನೆಟ್ಟು ಹಾದಿಯವ್ವನ ಗುಡಿ ಕಟ್ಟಬೇಕೆಂದು ನೀವು ಹರಕೆ ಹೊತ್ತಿದ್ದೀರಿ. ಊರಿನವರು ನಿಮಗೆ ಹೇಳಿದ ಮಾತು ನಮ್ಮ ಮನೆಯಲ್ಲಿ ಇಂದಿಗೂ ಹಾಗೆಯೇ ಉಳಿದು ಬಂದಿದೆ: "ಆ ಜಾಗಾ ಚಲೋ ಇಲ್ಲ ಶಾಂತವ್ವ, ಅದು ಬಲಿ ಬೇಡಾಕತೈತಿ. ಅಲ್ಲೇ ಒಂದು ಗುಡಿ ಕಟ್ಟಿ ಅಕೀನ್ನ ಕುಂದರಸು, ತಣ್ಣಗಾಕ್ಕಾಳ." ನಾನು ಈ ಓಲೆ ಬರೆಯುತ್ತಿರುವುದು ಇಷ್ಟಕ್ಕೇ: ಗುಡಿ ಕಟ್ಟಿ, ಆದರೆ ಅಲ್ಲಿ ಕಟ್ಟಬೇಡಿ. ಯಾಕೆಂದು ಹೇಳುವ ಮೊದಲು ನಾನು ಎಲ್ಲಿ ಕೂತು ಹೇಳುತ್ತಿದ್ದೇನೆ ಎಂಬುದನ್ನು ನೀವು ತಿಳಿಯಬೇಕು. ಇಲ್ಲದಿದ್ದರೆ ಯಾವಳೋ ಹುಚ್ಚಿ ಬರೆದಿದ್ದಾಳೆ ಎಂದು ಒಲೆಗೆ ಹಾಕಿಬಿಡುತ್ತೀರಿ.

ನಿಮ್ಮ ಹೈವೇಯನ್ನು ನಾವು ಒಣಹೊಳೆ ಎನ್ನುತ್ತೇವೆ. ಗಾಡಿಗಳು ಹರಿಯುವುದು ನಿಂತ ವರ್ಷದಿಂದಲೇ ನಮ್ಮ ಶಕೆ ಶುರು. ಎಣ್ಣೆ ಮುಗಿದದ್ದು ಒಂದು ಕಾರಣ, ಜನ ರೋಸಿಹೋದದ್ದು ಇನ್ನೊಂದು. ಈಗ ಅದರ ಮೇಲೆ ನಾವು ಜೋಳ ಒಣಹಾಕುತ್ತೇವೆ, ಮೆಣಸಿನಕಾಯಿ ಹರಡುತ್ತೇವೆ. ರಸ್ತೆಯಂಚಿನ ತಗಡಿನ ತಡೆಗಳನ್ನು ಬಗ್ಗಿಸಿ ದನಕ್ಕೆ ಗೋದಲಿ ಮಾಡಿಕೊಂಡಿದ್ದೇವೆ. ನಮ್ಮ ಕೊಟ್ಟಿಗೆಯ ಬಾಗಿಲಿಗೆ ಹಾಕಿರುವ ಹಸಿರು ಹಲಗೆಯ ಮೇಲೆ ಯಾವುದೋ ಊರಿನ ಹೆಸರೂ ಒಂದು ಬಾಣದ ಗುರುತೂ ಇನ್ನೂ ಕಾಣುತ್ತವೆ. ಬಾಣ ನಮ್ಮ ಎಮ್ಮೆಯ ಕಡೆಗೆ ತೋರಿಸುತ್ತದೆ. ಹಳದಿ ತಲೆಯ ಮೈಲಿಗಲ್ಲಿನ ಮೇಲೆ ನನ್ನ ಅವ್ವನ ಅಕ್ಕ, ದೊಡ್ಡವ್ವ, ಕೂತು ಬೆಳ್ಳುಳ್ಳಿ ಸುಲಿಯುತ್ತಾಳೆ. ಕೇಳಿದರೆ ಚಂದ ಅನ್ನಿಸಬಹುದು. ಆದರೆ ಅದರ ಅಂಚಿನಲ್ಲಿ ಎಲ್ಲಿ ಅಗೆದರೂ ಒಡೆದ ಗಾಜು, ಒಂಟಿ ಚಪ್ಪಲಿ, ಬಳೆಚೂರು ಸಿಗುತ್ತವೆ. ಅದರ ಬದಿಯ ಮಣ್ಣಿನಲ್ಲಿ ನಾವು ಬೀಜ ಊರುವುದಿಲ್ಲ.

ನನ್ನ ಕೆಲಸದ ಹೆಸರು ಕೂತುನೋಟ. ಯಾವ ರಸ್ತೆಯನ್ನಾದರೂ ಹೊಸದಾಗಿ ತೆರೆಯುವ ಮೊದಲು ಒಬ್ಬರು ಅಲ್ಲಿ ಒಂದು ಬಿತ್ತನೆಯಿಂದ ಸುಗ್ಗಿಯವರೆಗೆ ಕೂತು ನೋಡಲೇಬೇಕೆಂಬುದು ನಮ್ಮ ಕಟ್ಟಳೆ. ಕೂತವರು ಬಾಯಿ ಬಿಡಬಾರದು, ಬರಿ ನೋಡಬೇಕು. ಕುರಿಗಳು ಎಲ್ಲಿ ದಾಟುತ್ತವೆ, ಹುಲ್ಲಿನ ಹೊರೆ ಹೊತ್ತ ಹೆಂಗಸು ಎಲ್ಲಿ ನಿಂತು ಉಸಿರು ಬಿಡುತ್ತಾಳೆ, ಮಕ್ಕಳು ಯಾವ ಜಾಗದಲ್ಲಿ ಆ ಕಡೆ ಈ ಕಡೆ ನೋಡದೆ ಓಡುತ್ತಾರೆ, ಇಷ್ಟೇ. ಆಮೇಲೆ ರಸ್ತೆಯನ್ನು ಅವರ ನಡಿಗೆಗೆ ತಕ್ಕಂತೆ ಹಾಕುತ್ತಾರೆ. "ಹೊನ್ನವ್ವಗ ಸುಮ್ನ ಕುಂದರೂದಕ್ಕ ಕಾಳು ಅಳೀತಾರ, ಪುಣ್ಯಾ ಮಾಡ್ಯಾಳ" ಎಂದು ಓಣಿಯವರು ನನ್ನನ್ನು ಕಾಡಿಸುತ್ತಾರೆ. ಕಾಡಿಸಲಿ. ಇಡೀ ದಿನ ಬಾಯಿ ಮುಚ್ಚಿಕೊಂಡು ಕೂರುವ ಕಷ್ಟ ಕೂತವರಿಗೇ ಗೊತ್ತು.

ಈ ವರ್ಷ ನಮ್ಮ ಹಾದಿಮನೆಯವರು, ಅಂದರೆ ರಸ್ತೆಗಳ ಪಂಚರು, ಒಣಹೊಳೆಯ ಮೇಲೆ ಸರಬಂಡಿ ಓಡಿಸಬೇಕೆಂದು ಹೊರಟಿದ್ದಾರೆ. ಒಂದರ ಹಿಂದೊಂದು ಪೋಣಿಸಿದ, ಡ್ರೈವರ್ ಇಲ್ಲದ ಬಂಡಿಗಳವು. ಡ್ರೈವರೇ ಇಲ್ಲವೆಂದ ಮೇಲೆ ತಪ್ಪು ಎಲ್ಲಿಂದ ಬಂತು ಎಂದು ಅವರ ವಾದ. ಹಾಲಗುಂದಿಯ ಕೂತುನೋಟ ನನ್ನ ಪಾಲಿಗೆ ಬಂತು. ಹಾಗಾಗಿ ಫಕ್ಕೀರೇಶ ಬಿದ್ದ ಜಾಗದಲ್ಲಿ, ನೀವು ಕಟ್ಟಿಸಲಿರುವ ಗುಡಿಯಲ್ಲಿ ಈಗ ಉಳಿದಿರುವ ಪಾಯದ ಮೇಲೆ, ನಾನು ಬಿತ್ತನೆಯಿಂದ ಕೂತೆ.

ಕೂತು ಕಂಡದ್ದಕ್ಕೆ ಹಳೆಯ ಬರಹಗಳಲ್ಲಿ ಓದಿದ್ದನ್ನು ಕೂಡಿಸಿದ ಮೇಲೆ ನನಗೆ ತಿಳಿದದ್ದು ಇಷ್ಟು. ಅಲ್ಲಿ ತಿರುವಿಲ್ಲ, ಇಳಿಜಾರಿಲ್ಲ, ರಸ್ತೆ ನೂಲು ಹಿಡಿದಂತೆ ನೇರ. ಘಾಟಿಯಲ್ಲಿ ಡ್ರೈವರ್ ಎಚ್ಚರವಾಗಿರುತ್ತಾನೆ, ಇಂಥ ನೇರ ರಸ್ತೆಯಲ್ಲಿ ಕಣ್ಣು ತೆರೆದೇ ನಿದ್ದೆ ಹೋಗುತ್ತಾನೆ. ನೇರವಾಗಿದ್ದರೆ ಸಾಕು, ಒಳ್ಳೆಯ ರಸ್ತೆ ಎಂದು ನಿಮ್ಮ ಕಾಲದವರು ನಂಬಿದ್ದರು. ಊರು ಈ ಕಡೆ. ಹೊಲ, ಬಾವಿ, ಬಸ್ ಸ್ಟಾಪು ಆ ಕಡೆ. ನಡುವೆ ಹೈವೇ ಬಂದಾಗ ದಾಟಲು ರಸ್ತೆಯ ಅಡಿಯಿಂದ ಕೊಟ್ಟ ಕೆಳದಾರಿ ಊರಿನಿಂದ ಎಷ್ಟೋ ದೂರದಲ್ಲಿ, ಅದರಲ್ಲಿಯೂ ಸದಾ ಮೊಣಕಾಲುದ್ದ ನೀರು. ಮೇವು ಹೊತ್ತವರು ಅಷ್ಟು ದೂರ ಸುತ್ತಿ ಬರುವುದುಂಟೇ? ಊರಿನ ಹುಡುಗರೇ ಸಬ್ಬಲಿನಿಂದ ಡಿವೈಡರ್ ಒಡೆದು ಸಂದು ಮಾಡಿಕೊಂಡರು. ಬೈಕಿನವರು ಯೂ-ಟರ್ನಿನವರೆಗೆ ಹೋಗುವುದನ್ನು ಬಿಟ್ಟು ರಾಂಗ್ ಸೈಡಿನಲ್ಲೇ ಬಂದು ಆ ಸಂದಿನಲ್ಲಿ ನುಗ್ಗತೊಡಗಿದರು. ಕೆಟ್ಟು ನಿಂತ ಲಾರಿಯವನು ಹಿಂದೆ ದೀಪ ಇಡದೆ ನಾಲ್ಕು ಕಲ್ಲು, ಒಂದು ಬೇವಿನ ಟೊಂಗೆ ಇಟ್ಟು, ಹೊರಡುವಾಗ ಲಾರಿಯನ್ನಷ್ಟೇ ತೆಗೆದು ಕಲ್ಲುಗಳನ್ನು ಅಲ್ಲೇ ಬಿಟ್ಟು ಹೋದ. ನಿಮ್ಮ ಮಗ ಬೈಕಿನಿಂದ ಬಿದ್ದದ್ದು ಆ ಕಲ್ಲುಗಳನ್ನು ತಪ್ಪಿಸಲು ಹೋಗಿ. ಜಾಗ ಬಲಿ ಬೇಡಿದ್ದಲ್ಲ, ಆಯಿ. ಒಬ್ಬೊಬ್ಬರೂ ತಮ್ಮ ತಮ್ಮ ಅನುಕೂಲ ನೋಡಿಕೊಂಡರು, ಎಲ್ಲರ ಅನುಕೂಲವೂ ಒಂದೇ ಸಂದಿನಲ್ಲಿ ಬಂದು ಸೇರಿತು.

ಇನ್ನು ಮುಂದಿನದು ನಿಮಗೆ ಇನ್ನೂ ಆಗಿಲ್ಲ, ನಮಗೆ ಆಗಿ ಮುಗಿದಿದೆ. ನೀವು ಕಲ್ಲನ್ನು ಆ ಸಂದಿನ ಎದುರಿಗೆ, ಹೊಲದ ಬದಿಗೆ ನೆಡುತ್ತೀರಿ. ಮೊದಲು ತಗಡಿನ ಚಪ್ಪರ. ಲಾರಿಯವರು ನಿಲ್ಲಿಸಿ ಊದುಬತ್ತಿ ಹಚ್ಚುತ್ತಾರೆ, ನಿಂಬೆಹಣ್ಣು ಒಯ್ಯುತ್ತಾರೆ. ನೆರಳಿಗೆಂದು ಯಾರೋ ಬನ್ನಿಗಿಡ ನೆಡುತ್ತಾರೆ, ತೆಂಗಿನಕಾಯಿಯ ಅಂಗಡಿ ಬರುತ್ತದೆ. ಮಂಗಳವಾರ ಶುಕ್ರವಾರ ಊರಿನ ಹೆಂಗಸರೆಲ್ಲ ರಸ್ತೆ ದಾಟಿ ಪೂಜೆಗೆ ಹೋಗುತ್ತಾರೆ. ಮೊದಲು ಕೆಲಸವಿದ್ದವರಷ್ಟೇ ದಾಟುತ್ತಿದ್ದ ಜಾಗವನ್ನು ಈಗ ಇಡೀ ಊರು ದಾಟುತ್ತದೆ. ಮತ್ತೆ ಸಾವು. ಅವ್ವನಿಗೆ ಸಿಟ್ಟು ಬಂದಿದೆ ಎಂದು ಗುಡಿಗೆ ಗೋಡೆ ಏರಿಸುತ್ತಾರೆ. ಆ ಗೋಡೆ ಹೊಲದ ಹಾದಿಯನ್ನು ಪೂರಾ ಮರೆ ಮಾಡುತ್ತದೆ. ಇನ್ನಷ್ಟು ಸಾವು, ಗೋಡೆಯ ಮೇಲೆ ಗೋಪುರ. ನಾನು ಪಾಯದಿಂದ ಎದ್ದು, ಗಾಡಿ ಬರುವ ದಿಕ್ಕಿನಲ್ಲಿ ಡ್ರೈವರನ ಕಣ್ಣಿನ ಎತ್ತರಕ್ಕೆ ಒಂದು ಅಟ್ಟಣಿಗೆ ಹಾಕಿಸಿ ಕೂತು ನೋಡಿದೆ. ಗೋಡೆ ಇದ್ದ ಜಾಗದಲ್ಲಿ ಅದರಂತೆಯೇ ಮರೆಯಾಗಲೆಂದು ಒಂದು ಗುಡಾರ ಎತ್ತಿ ಕಟ್ಟಿಸಿದೆ. ನನ್ನ ಮಗಳು ಪಂಪವ್ವ ಅದರ ಹಿಂದಿನಿಂದ ನಡೆದು ಬಂದಳು. ಆಕೆ ರಸ್ತೆಗೆ ಕಾಲಿಟ್ಟ ಮೇಲೆಯೇ ನನಗೆ ಕಂಡಳು. ಒಣಗಿದ ರಸ್ತೆ, ಒಂದು ಗಾಡಿಯೂ ಇಲ್ಲ, ಆದರೂ ನಾನು ಕಿರುಚಿಬಿಟ್ಟೆ.

ಸಾವಂತ್ರವ್ವನ ಮಾತು ಈಗ ಹೇಳಬೇಕು. ನಿಮ್ಮ ಕಿರಿಯ ಸೊಸೆ, ಚನ್ನವೀರನ ಹೆಂಡತಿ, ನೀವು ಇದನ್ನು ಓದುವಾಗ ಬಹುಶಃ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ಗುಡಿಗೆ ಎಣ್ಣೆಬತ್ತಿಯ ಕೆಲಸವನ್ನು ನೀವು ಆಕೆಗೇ ವಹಿಸುತ್ತೀರಿ. ಮುಂದೆ ಆಕೆ ಬಸುರಿಯಾಗುತ್ತಾಳೆ. ಬಸುರಿಯ ಕುಬಸದ ಶಾಸ್ತ್ರಕ್ಕೆ ದಿನ ನೋಡಿ, ಹಸಿರು ಸೀರೆ ತಂದು ಇಟ್ಟಿರುತ್ತೀರಿ. ಒಂದು ಮಂಗಳವಾರ ಆಕೆ ದೀಪ ಹಚ್ಚಿ ಮರಳುವಾಗ ಒಂದು ಲಾರಿ ಹಾದಿಯವ್ವನಿಗೆ ಕೈಮುಗಿಯಲೆಂದು ನಿಲ್ಲುತ್ತದೆ. ನಿಂತಿದೆಯಲ್ಲ ಎಂದು ಆಕೆ ಅದರ ಮುಂದಿನಿಂದ ದಾಟುತ್ತಾಳೆ. ಹಿಂದಿದ್ದ ಕಾರಿನವನಿಗೆ ಲಾರಿ ಯಾಕೆ ನಿಂತಿತೆಂದು ಗೊತ್ತಿಲ್ಲ, ಅದರ ಪಕ್ಕದಿಂದ ಮುಂದಕ್ಕೆ ನುಗ್ಗುತ್ತಾನೆ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಆಮೇಲೆ ಚನ್ನವೀರನಿಗೆ ನೀವು ಇನ್ನೊಂದು ಮದುವೆ ಮಾಡುತ್ತೀರಿ. ಬರುವವಳು ಮಾದೇವಿ. ನಮ್ಮ ಮನೆತನ ಮಾದೇವಿಯಿಂದ ಬಂದದ್ದು. ಅಂದಿನಿಂದ ಇಂದಿನವರೆಗೂ ಪ್ರತಿ ವರ್ಷ ಹಿರಿಯರ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಸಾವಂತ್ರವ್ವನ ಹೆಸರಿನಲ್ಲಿ ಎಡೆ ಹಿಡಿದು, ಮುಂದೆ ಒಂದು ಹೊಸ ಹಸಿರು ಸೀರೆ ಇಡುತ್ತೇವೆ. ಆಕೆಗೆ ಆಗದೇ ಹೋದ ಕುಬಸದ ಹೆಸರಿನ ಸೀರೆ ಅದು. ಆಮೇಲೆ ಮನೆಯ ಹೆಣ್ಣುಮಗಳೊಬ್ಬಳು ಅದನ್ನು ಉಡಬೇಕು. ನಾನು ಉಟ್ಟಿದ್ದೇನೆ. ಪ್ರತಿ ಸಲ ಉಡುವಾಗಲೂ ಇನ್ನೊಬ್ಬರ ಮನೆಯಲ್ಲಿ ಅವರಿಲ್ಲದ ಹೊತ್ತಿನಲ್ಲಿ ಊಟಕ್ಕೆ ಕೂತ ಹಾಗೆ ನನಗೆ ಅನ್ನಿಸುತ್ತದೆ.

ಈಗ ನಿಮಗೆ ತಿಳಿದಿರಬೇಕು, ದೊಡ್ಡವ್ವ ಯಾಕೆ ನನ್ನ ಮೇಲೆ ಹರಿಹಾಯ್ದಳೆಂದು. ನಾನು ಹಿಂದೋಲೆ ಬರೆಯುತ್ತೇನೆ ಅಂದಾಗ ಆಕೆ ಬೆಳ್ಳುಳ್ಳಿಯ ಮೊರ ಬದಿಗಿಟ್ಟು ಹೇಳಿದಳು: "ತಲಿ ಕೆಟ್ಟೈತೇನ ನಿಂದು? ಸಾವಂತ್ರವ್ವ ಉಳದ್ರ ಮಾದೇವಿ ಆ ಮನಿಗೆ ಬರ್ತಾಳೇನು? ನೀ ಎಲ್ಲಿರ್ತಿ, ನಾ ಎಲ್ಲಿರ್ತೀನಿ, ಪಂಪಿ ಎಲ್ಲಿರ್ತಾಳ?" ಓಲೆ ತಲುಪಿದರೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ. ಓಲೆ ತಲುಪಿದ ಮನೆಯವರಾರೂ ಬಂದು ಹೇಳಿದ್ದಿಲ್ಲ. ನನ್ನ ಮಟ್ಟಿಗೆ ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡೆ. ಪಂಪವ್ವನ ಮುಖ ನೋಡಿದಾಗ ಮಾತ್ರ ಲೇಖನಿ ಕೆಳಗಿಟ್ಟೆ. ಸುಗ್ಗಿಯ ಆಚೆ ಆಕೆಗೆ ಮದುವೆ ಗೊತ್ತಾಗಿದೆ. ಎಲ್ಲ ಕೇಳಿದ ಆಕೆ ಎರಡು ದಿನ ನಾನು ಏಳುವ ಮೊದಲೇ ಹೊಲಕ್ಕೆ ಹೋದಳು. ಮೂರನೆಯ ದಿನ ಒಲೆಯ ಮುಂದಿನಿಂದ ಏಳದೆ, ನನ್ನ ಕಡೆ ತಿರುಗದೆ ಅಂದಳು: "ಬರಿಯವ್ವ. ಬರದು ಬಿಸಿ ಇದ್ದಾಗ ಊಟಕ್ಕ ಬಾ."

ಆದ್ದರಿಂದ ಬರೆಯುತ್ತಿದ್ದೇನೆ. ಗುಡಿ ಬೇಡವೆನ್ನಲು ನಾನು ಯಾರು? ಮಗ ಹೋದ ಮೇಲೆ ಕೈಮುಗಿಯಲು ನಿಮಗೊಂದು ಜಾಗ ಬೇಕು. ಅದನ್ನು ಊರ ಕಡೆಯೇ ಕಟ್ಟಿ, ಕೆರೆಯ ದಂಡೆಯ ಹುಣಸೆಮರದ ಬುಡದಲ್ಲಿ, ಯಾರೂ ರಸ್ತೆ ದಾಟದಂತೆ. ಕಲ್ಲು ಎತ್ತುವ ಮೊದಲು ಆ ಸಂದಿನ ಹತ್ತಿರ ಒಂದು ಇಡೀ ದಿನ ಸುಮ್ಮನೆ ಕೂತು ನೋಡಿ, ಚನ್ನವೀರನನ್ನೂ ಕೂರಿಸಿಕೊಳ್ಳಿ. ನಾನು ಹೇಳಿದ್ದು ನಿಮ್ಮ ಕಣ್ಣಿಗೇ ಕಾಣುತ್ತದೆ. ಗುಡಿಗೆಂದು ಸೇರುವ ಜನವನ್ನು ಹಾಗೇ ಹೈವೇಯವರ ಆಫೀಸಿಗೆ ಕರೆದುಕೊಂಡು ಹೋಗಿ ಸಂದಿನ ಜಾಗದಲ್ಲೇ ಕೆಳದಾರಿ ಕೇಳಿ, ಕೊಡುವವರೆಗೆ ಅಲ್ಲಿಂದ ಏಳಬೇಡಿ. ಹೆಂಗಸರು ಕೂತರೆ ಎಬ್ಬಿಸುವುದು ಸುಲಭವಲ್ಲ, ಅದು ನಿಮ್ಮ ಕಾಲದಲ್ಲಿಯೂ ಹಾಗೇ ಇದ್ದೀತು.

ಇಂದು ಹಿರಿಯರ ಅಮಾವಾಸ್ಯೆ. ಎಡೆ ಹಿಡಿದಿದ್ದೇವೆ, ಆದರೆ ಸೀರೆ ಇಟ್ಟಿಲ್ಲ. ಅದು ಮಡಿಸಿದಂತೆಯೇ ನನ್ನ ತೊಡೆಯ ಮೇಲಿದೆ, ಅದರ ಮೇಲೆ ಹಲಗೆ ಇಟ್ಟು ಬರೆಯುತ್ತಿದ್ದೇನೆ. ಒಳಗೆ ಪಂಪವ್ವ ಊಟಕ್ಕೆ ಕರೆಯುತ್ತಿದ್ದಾಳೆ. ನಾವು ಹುಟ್ಟಿಯೇ ಬರಲಿಲ್ಲವೆಂದು ಅಳುವವರು ಯಾರೂ ಇರುವುದಿಲ್ಲ, ಆಯಿ. ಸಾವಂತ್ರವ್ವ ಹೋದಳೆಂದು ಈ ಮನೆ ಇನ್ನೂ ಅಳುತ್ತಿದೆ. ದಿನ ತುಂಬುತ್ತಾ ಬಂದಾಗ ಆಕೆಯನ್ನು ಮಣೆಯ ಮೇಲೆ ಕೂರಿಸಿ, ಹಸಿರು ಸೀರೆಯನ್ನು ನೀವೇ ನಿಮ್ಮ ಕೈಯಾರೆ ಉಡಿಸಿ, ಉಡಿ ತುಂಬಿ.

ಇರುವವರೆಗೆ ನಿಮ್ಮ ಮನೆಯ ಮಗಳು,
ಹೊನ್ನವ್ವ