ಮೂರು ನೀರು ಕಂಡ ಮಾಂಸ

ನವೆಂಬರ್ ೧೪, ಗುರುವಾರ

ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಡಬ್ಬಿ ಮಾಂಸದ ವಾಸನೆ ಹೋಗಿಲ್ಲ.

ಫ್ರೈಡ್ ರೈಸ್ ಬೇಕೆಂದು ಅಪ್ಪ ವಾರದಿಂದ ಹಟ ಹಿಡಿದಿದ್ದರು. ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವರು. ಹಿಂದಿನ ದಿನದ ಅನ್ನಕ್ಕೆ ಡಬ್ಬಿ ಮಾಂಸ ಹಾಕಿ ಹುರಿದರೆ ಅವರಿಗೆ ಪ್ರಾಣ. ಡಾಕ್ಟರಮ್ಮ ನೋಡಿದರೆ, "ಕಿಡ್ನಿ ಎರಡೂ ಕೈಕೊಟ್ಟಿವೆ, ಉಪ್ಪು ಮುಟ್ಟಿಸ್ಬೇಡಿ" ಅಂದಿದ್ದಾರೆ. ಕೆಡದಿರಲೆಂದು ಡಬ್ಬಿಯಲ್ಲಿ ತುಂಬಿಟ್ಟ ಆ ಮಾಂಸವೋ ಬರೀ ಉಪ್ಪು. ನಾನಾದರೂ ಏನು ಮಾಡಲಿ? ಮಾಂಸವನ್ನು ತುಂಡು ಮಾಡಿ, ಮೂರು ಸಲ ನೀರು ಬದಲಿಸಿ ಕುದಿಸಿ, ಹಿಂಡಿದೆ. ಒದ್ದೆ ರಟ್ಟಿನಂತಾಯಿತು. ಅದನ್ನೇ ಅನ್ನದ ಜೊತೆ ಹುರಿದು, ಸೋಯಾ ಸಾಸಿನ ಬಾಟಲಿಯನ್ನು ಅವರ ಕಣ್ಣಿಗೆ ಬೀಳದಂತೆ ಬಚ್ಚಿಟ್ಟೆ.

ಮೊದಲ ತುತ್ತಿಗೇ ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು. ನನ್ನ ಅಡುಗೆಯಲ್ಲಿ ಹುಳುಕು ತೆಗೆಯದೆ ಅವರು ಎಂದೂ ಕೈ ತೊಳೆದವರಲ್ಲ. "ಉರಿ ಸಾಲ್ದು, ಈರುಳ್ಳಿ ಸೀದಿದೆ" ಅಂತ ಏನಾದರೂ ಇದ್ದೇ ಇರುತ್ತಿತ್ತು. ಬೈಯಲಿ, ಬೇಕಾದರೆ ತಟ್ಟೆ ತಳ್ಳಲಿ ಎಂದು ಕಾದು ನಿಂತೆ.

ಒಂದು ಅಗುಳೂ ಬಿಡದೆ ತಿಂದರು.

"ಚೆನ್ನಾಗಿದೆ ಕಣಮ್ಮ."

ಇಷ್ಟು ವರ್ಷದಲ್ಲಿ ಹಾಗಂದದ್ದು ಇದೇ ಮೊದಲು. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.