ಪಕ್ಕದ ಕುರ್ಚಿ

ಅಮ್ಮಾ,

ಗಾಬರಿಯಾಗಬೇಡ, ಎಲ್ಲ ಮುಗಿದಿದೆ. ಪರೀಕ್ಷೆಯಲ್ಲಿ ನಕಲು ಮಾಡಿದ್ದೇನೆಂದು ನನ್ನನ್ನು ವಿಚಾರಣೆಗೆ ಕರೆದಿದ್ದರು. ವಿದ್ಯಾರ್ಥಿ ಸಂಘದವರು ಜೊತೆಗೆ ಒಬ್ಬ ಸೀನಿಯರ್ ಅಕ್ಕನನ್ನು ಕಳಿಸಿದರು.

"ನನ್ನ ಪರವಾಗಿ ಏನು ಹೇಳ್ತೀರಿ?" ಅಂದೆ.

"ಏನೂ ಇಲ್ಲ. ನಾವು ಬಾಯಿ ಬಿಡೋ ಹಾಗಿಲ್ಲ, ಪಕ್ಕದಲ್ಲಿ ಕೂತಿರ್ತೀವಿ ಅಷ್ಟೇ."

ಇದೊಳ್ಳೆ ಕಥೆಯಾಯ್ತಲ್ಲ ಅಂದುಕೊಂಡೆ.

ಒಳಗೆ ಪ್ರೊಫೆಸರುಗಳನ್ನು ನೋಡಿ ನಾಲಿಗೆ ಒಣಗಿತು. ಅಕ್ಕ ನೀರಿನ ಲೋಟವನ್ನು ನನ್ನತ್ತ ಸರಿಸಿದರು. ಆಮೇಲೆ ನಡೆದದ್ದನ್ನೆಲ್ಲ ನಾನೇ ಹೇಳಿದೆ, ಒಂದು ಸಲವೂ ತಡವರಿಸಲಿಲ್ಲ. ತಪ್ಪಿಲ್ಲವೆಂದು ಬಿಟ್ಟರು. ಸುಮ್ಮನೆ ಕೂತವರಿಂದ ಅಷ್ಟು ಬಲ ಹೇಗೆ ಬಂತೋ, ನನಗಿನ್ನೂ ಬೆರಗು ಬಿಟ್ಟಿಲ್ಲಮ್ಮ.

ನನ್ನ ನೀಲಿ ಸ್ವೆಟರ್ ಕಳಿಸು, ಆ ಕೋಣೆ ತುಂಬಾ ತಣ್ಣಗಿರುತ್ತದೆ. ಮುಂದಿನ ವಾರ ಇನ್ನೊಬ್ಬಳ ಪಕ್ಕ ನಾನು ಕೂರುತ್ತೇನೆ, ತುಟಿ ಪಿಟಕ್ಕೆನ್ನದೆ. ನಗಬೇಡ. ಅಪ್ಪನಿಗೂ ಹೇಳು.

ಇಂತಿ ನಿನ್ನ
ಬಾಯಿಬಡುಕಿ