ನಿನ್ನ ಕಾಲು ಮುರಿದ ಸುದ್ದಿ

ಲೀಮಾ, ಗುಡ್ಡದ ಮೇಲಿನ ಮನೆ
ಜೂನ್ ೧೮, ಬುಧವಾರ

ಎಫ್ರಾಯಿನ್,

ಕ್ಷೇಮ ಎಂದು ಬರೆಯುವುದು ರೂಢಿ. ನಾನು ನಿಂತಿದ್ದೇನೆ, ಅಷ್ಟು ಸಾಕು. ನೀನು ಹೇಗಿದ್ದೀ ಎಂದು ಕೇಳುವುದಿಲ್ಲ. ನೀನು ಹೇಗಿದ್ದೀ ಎನ್ನುವುದನ್ನು ನಮ್ಮ ಬೀದಿಯವರೆಲ್ಲ ಸೇರಿ ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ, ಅದನ್ನು ನಿನಗೆ ತಿಳಿಸಲೆಂದೇ ಈ ಪತ್ರ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ನನ್ನ ಧ್ವನಿಯನ್ನು ಕೋಣೆಯ ಗೆಳೆಯರ ನಡುವೆ ಜೋರಾಗಿ ಹಾಕಿ ಕೇಳುವವನು, ಇದು ಹಾಗೆ ಕೇಳುವ ವಿಷಯವಲ್ಲ. ನಿನ್ನ ತಮ್ಮ ವಿಲ್ಬರ್ ನಾಳೆ ಲಾರಿ ತೆಗೆದುಕೊಂಡು ಚಿಲಿಯ ಕಡೆ ಹೊರಟಿದ್ದಾನೆ. ಅವನ ಕೈಗೇ ಕೊಡುತ್ತೇನೆ.

ಎಫ್ರಾಯಿನ್, ಏಪ್ರಿಲ್ ತಿಂಗಳ ಕೊನೆಯಲ್ಲಿ ನಿನ್ನ ಕಾಲು ಮುರಿಯಿತು. ಗಣಿಯಲ್ಲಿ ಬಂಡೆ ಉರುಳಿತು, ಅಲ್ಲಿನ ಆಸ್ಪತ್ರೆಯಲ್ಲಿ ಕೊಯ್ದು ಕಬ್ಬಿಣದ ಸಲಾಕೆ ಕೂರಿಸಿದರು, ಯಜಮಾನ ಒಂದು ಕಾಸೂ ಕೊಡಲಿಲ್ಲ. ಬೀದಿಗೆ ಗೊತ್ತಿರುವುದು ಇಷ್ಟು. ಜುಲೈ ಹಬ್ಬಕ್ಕೆ ಬರುತ್ತೇನೆ ಎಂದು ವಿಲ್ಬರ್ ಹತ್ತಿರ ಹೇಳಿ ಕಳಿಸಿದ್ದೀಯಲ್ಲ, ಆದ್ದರಿಂದ ಬರಬೇಡ.

ಇಷ್ಟು ಓದಿ ನಿನಗೆ ಸಿಟ್ಟು ಬಂದಿರುತ್ತದೆ. ಬರಲಿ. ಸಿಟ್ಟು ಬಂದರೆ ಕೊನೆಯವರೆಗೆ ಓದುತ್ತೀ.

ಹೋದ ವರ್ಷ ನಮ್ಮ ಮಗಳು ಮಾಯ್ರಾಳ ಹೆಸರಿನಲ್ಲಿ ಪೊಯಾಡಾ ಮಾಡಿದ್ದು ನಿನಗೆ ಗೊತ್ತು, ನೀನೇ ಅದಕ್ಕೆ ಒಂದು ಗೋಣಿ ಈರುಳ್ಳಿಯಷ್ಟು ದುಡ್ಡು ಕಳಿಸಿದ್ದೆ. ಅದು ಹೇಗೆ ನಡೆಯಿತು ಎಂದು ನಾನು ಹೇಳಿರಲಿಲ್ಲ. ನಮ್ಮಲ್ಲಿ ಯಾರಿಗೆ ಕಷ್ಟ ಬಂದರೂ ಕೋಳಿ ಕರಿದು ಬೀದಿಗೆ ಉಣಬಡಿಸಿ ದುಡ್ಡು ಎತ್ತುವುದು ಇದ್ದದ್ದೇ. ಎರ್ಮೆಲಿಂದಾ ಮೂಲೆಯಂಗಡಿ ನಡೆಸಿಕೊಂಡೇ ಬೀದಿಯ ಅರ್ಧ ಪೊಯಾಡಾಗಳನ್ನು ಮಾಡಿಸಿದವಳು, ಜೊತೆಗೆ ಮಾಯ್ರಾಳ ಧರ್ಮತಾಯಿ, ಹಾಗಾಗಿ ನನ್ನ ಕೊಮಾದ್ರೆ. ಚೀಟಿ ಅಚ್ಚು ಹಾಕಿಸುವ ಕೆಲಸ ಅವಳೇ ಹೊತ್ತಳು. ಅಚ್ಚಿನವನ ಹತ್ತಿರ ಎಲ್ಲ ಪೊಯಾಡಾಗಳಿಗೂ ಒಂದೇ ಮಾದರಿ. ಹೆಸರು ಬದಲಾಯಿಸುತ್ತಾನೆ, ಫೋಟೋ ಬದಲಾಯಿಸುತ್ತಾನೆ, ಉಳಿದದ್ದೆಲ್ಲ ಅದೇ. ಚೀಟಿ ಕೈಗೆ ಬಂದಾಗ ಮಾಯ್ರಾಳ ಮುಖದ ಕೆಳಗೆ ದಪ್ಪಕ್ಷರದಲ್ಲಿ ‘ಆಪರೇಷನ್ ಖರ್ಚಿಗಾಗಿ’ ಎಂದಿತ್ತು.

ನಾನು ಬಾಯಿ ಬಿಡುವ ಮೊದಲೇ ಎರ್ಮೆಲಿಂದಾ ಅಂದಳು, “ಇರ್ಲಿ ಬಿಡು ಕೊಮಾದ್ರೆ. ಆಟಿಸಂ ಅಂದ್ರೆ ಜನಕ್ಕೆ ಏನು ತಿಳಿಯತ್ತೆ? ಆಪರೇಷನ್ ಅಂದ್ರೆ ಹೊಟ್ಟೆ ಚುರ್ ಅನ್ನತ್ತೆ, ಕೋಳಿನೂ ತಿಂತಾರೆ.”

ತಿಂದರು. ಯಾರ ಹೆಸರಿನಲ್ಲಿ ಪೊಯಾಡಾವೋ ಅವರನ್ನು ಅಂಗಳದಲ್ಲಿ ಕೂರಿಸಬೇಕಲ್ಲ, ಇಲ್ಲದಿದ್ದರೆ ಮೋಸ ಎನ್ನುತ್ತಾರೆ. ಮಾಯ್ರಾಳಿಗೆ ಬಿಳಿ ಉಡುಪು ತೊಡಿಸಿ ಮೇಜಿನ ಹಿಂದೆ ಕೂರಿಸಿದೆ. ಪಕ್ಕದಲ್ಲಿ ಬಾಡಿಗೆಗೆ ತಂದ ದೊಡ್ಡ ಸ್ಪೀಕರುಗಳು. ಹಾಡಿಲ್ಲದಿದ್ದರೆ ಯಾರೂ ಉಳಿಯುವುದಿಲ್ಲ, ಉಳಿಯದಿದ್ದರೆ ಬಿಯರ್ ಹೋಗುವುದಿಲ್ಲ, ಕೋಳಿಯಲ್ಲಿ ಏನು ಗಿಟ್ಟುತ್ತದೆ ಹೇಳು, ಬಿಯರಿನಲ್ಲೇ ಎಲ್ಲ. ಕುಕ್ಕರ್ ಸೀಟಿ ಹೊಡೆದರೆ ಮಂಚದ ಕೆಳಗೆ ಹೋಗುವ ಮಗು ಅದು. ಕಿವಿ ಮುಚ್ಚಿಕೊಂಡಳು, ಕೈ ಕಚ್ಚಿಕೊಂಡಳು, ಆಮೇಲೆ ಕಿರುಚಿದಳು. ಜನ ನೋಡಿ, “ಪಾಪ, ಎಷ್ಟು ನೋವೋ ಕಂದನಿಗೆ” ಎಂದು ಕಣ್ಣೊರೆಸಿಕೊಂಡು ಇನ್ನೊಂದು ಬಾಟಲಿ ತರಿಸಿದರು. ಅವಳು ಕಿರುಚಿದಷ್ಟೂ ಬಿಯರ್ ಖರ್ಚಾಯಿತು. ನಾನು ಒಲೆಯ ಮುಂದೆ ನಿಂತು ಕೋಳಿ ತಿರುವುತ್ತಿದ್ದೆ. ಆಪರೇಷನ್ ಆದಮೇಲೆ ಮಾತು ಬರುತ್ತದಾ ಎಂದು ಕೇಳಿದವರಿಗೆಲ್ಲ ಬರುತ್ತದೆ, ಬರುತ್ತದೆ ಎಂದೆ.

ಆ ದುಡ್ಡಿನಲ್ಲಿ ವರ್ಷ ಕಳೆಯಿತು. ರೊಸೌರಾ ಮಿಸ್ ಕೆಳಗೆ ದೊಡ್ಡ ರಸ್ತೆಯಲ್ಲಿ ಔಷಧಿ ಅಂಗಡಿಯ ಮಹಡಿಯ ಮೇಲೆ ಇಂಥ ಮಕ್ಕಳಿಗೆ ಕಲಿಸಲು ಒಂದು ಕೋಣೆ ಇಟ್ಟುಕೊಂಡಿದ್ದಾರೆ. ಮೊದಲ ತಿಂಗಳುಗಳಲ್ಲಿ ಅವರು ಏನೂ ಮಾಡುತ್ತಿರಲಿಲ್ಲ. ಮಾಯ್ರಾಳ ಎದುರು ನೆಲದ ಮೇಲೆ ಕೂತು ಒಂದು ಬೋಗುಣಿ ಹುರುಳಿಯಲ್ಲಿ ಕೈಯಾಡಿಸುತ್ತಿದ್ದರು, ಅಷ್ಟೇ. ಇದಕ್ಕಾ ನಾನು ದುಡ್ಡು ಕೊಡುತ್ತಿರುವುದು ಎಂದು ಒಳಗೊಳಗೇ ಬೈದುಕೊಂಡಿದ್ದೇನೆ. ಆಮೇಲೆ ಒಂದು ದಿನ ಮಾಯ್ರಾ ತಾನೂ ಬೋಗುಣಿಯಲ್ಲಿ ಕೈ ಹಾಕಿದಳು. ಈಗ ಬಾಯಾರಿದರೆ ಕಿರುಚುವುದಿಲ್ಲ, ನನ್ನ ಮಣಿಕಟ್ಟು ಹಿಡಿದು ಕೆಟಲಿನ ಹತ್ತಿರ ಎಳೆದುಕೊಂಡು ಹೋಗುತ್ತಾಳೆ. ಚಪ್ಪಲಿ ಹಾಕಿಸಿಕೊಳ್ಳುತ್ತಾಳೆ. ಕೂದಲು ಬಾಚಿಸಿಕೊಳ್ಳುತ್ತಾಳೆ, ಒಂದೇ ಕಡೆ, ಇನ್ನೊಂದು ಕಡೆ ಇನ್ನೂ ಬಿಡುವುದಿಲ್ಲ.

ಜನವರಿಯಲ್ಲಿ ದುಡ್ಡು ಮುಗಿಯಿತು. ಒಂದು ತಿಂಗಳು ನಿಲ್ಲಿಸಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದರೆ ಮಳೆಗಾಲ ಕಳೆದ ಮೇಲೆ ಬನ್ನಿ ಎಂದರು. ಲೀಮಾದಲ್ಲಿ ಮಳೆಗಾಲ ಎಲ್ಲಿದೆ ಎಂದೆ, ನಗಲೂ ಇಲ್ಲ ಪುಣ್ಯಾತ್ಮರು. ಆ ಒಂದು ತಿಂಗಳಲ್ಲಿ ಮಾಯ್ರಾ ಮತ್ತೆ ಗೋಡೆಗೆ ತಲೆ ಚಚ್ಚಿಕೊಳ್ಳಲು ಶುರುಮಾಡಿದಳು. ನಿಲ್ಲಿಸಿದರೆ ಅವಳು ನಿಂತಲ್ಲೇ ಇರುವುದಿಲ್ಲ ಎಫ್ರಾಯಿನ್, ಹಿಂದಕ್ಕೆ ಹೋಗುತ್ತಾಳೆ. ಮಿಸ್ ತಮಗಾದಷ್ಟು ಕಡಿಮೆ ಮಾಡಿ, ಬಾಕಿ ಇಟ್ಟುಕೊಂಡು ಮತ್ತೆ ಕರೆದರು. ಆದರೆ ಅವರಿಗೂ ಹೊಟ್ಟೆ ಇದೆ, ಬಾಡಿಗೆ ಇದೆ. ಮೇ ಮುಗಿಯುವುದರೊಳಗೆ ಏನಾದರೂ ಮಾಡು ಸೆನಾಯ್ದಾ, ನಿನ್ನ ಮಗಳ ಹೊತ್ತಿಗೆ ಇನ್ನೊಂದು ಮಗು ಕಾದಿದೆ ಎಂದು ನೆಲ ನೋಡಿಕೊಂಡು ಹೇಳಿದರು.

ಸರಿ, ಇನ್ನೊಂದು ಪೊಯಾಡಾ ಮಾಡೋಣ ಎಂದು ಮತ್ತೆ ಅದೇ ಚೀಟಿ ಅಚ್ಚು ಹಾಕಿಸಿಕೊಂಡು ಹೊರಟೆ. ಮೊದಲು ಹೋದದ್ದೇ ತೆಯೋಫಿಲೊ ಮನೆಗೆ. ಬಸ್ಸು ಓಡಿಸುತ್ತಿದ್ದ ಮುದುಕ, ಒಳ್ಳೆಯವನು, ಯಾರಿಗೂ ಇಲ್ಲ ಎಂದವನಲ್ಲ. ಅವನು ಬಾಗಿಲಲ್ಲಿ ನಿಂತು ಕೇಳಿದ, “ಏನಮ್ಮಾ, ಮಗೂಗೆ ಮತ್ತೆ ಏನಾಯ್ತು? ಹೋದ ಸಲ ಆಪರೇಷನ್ ಮಾಡಿಸಿದ್ರಲ್ಲ. ಸರಿ ಹೋಗ್ಲಿಲ್ವಾ? ಹಾಗಾದ್ರೆ ಆ ಡಾಕ್ಟ್ರ ಕುತ್ತಿಗೆ ಹಿಡೀರಿ, ದುಡ್ಡು ವಾಪಸ್ ಕೇಳಿ. ನಾನೂ ಬರ್ತೀನಿ ನಡೀರಿ.” ನಿಜವಾಗಿಯೂ ಕೋಟು ಹುಡುಕತೊಡಗಿದ.

ಏನು ಹೇಳಲಿ? ಕೊಯ್ದು ತೆಗೆಯುವುದು ಏನೂ ಇಲ್ಲ, ಈ ವರ್ಷವೂ ಬೇಕು, ಮುಂದಿನ ವರ್ಷವೂ ಬೇಕು, ಅವಳಿಗೆ ಮದುವೆಯ ವಯಸ್ಸಾದಾಗಲೂ ಬೇಕಾಗಬಹುದು ಎಂದು ಒಂದು ಚೀಟಿಯ ಮೇಲೆ ಹೇಗೆ ಅಚ್ಚು ಹಾಕಿಸಲಿ? ಇಡೀ ಬೀದಿ ಸುತ್ತಿದೆ. ಯಾರೂ ಕೆಟ್ಟ ಮಾತಾಡಲಿಲ್ಲ. ಎಲ್ಲರೂ ಅಯ್ಯೋ ಎಂದರು, ಚೀಟಿ ತೆಗೆದುಕೊಳ್ಳಲಿಲ್ಲ. ಒಂದು ಕಾಯಿಲೆಗೆ ಒಂದು ಪೊಯಾಡಾ, ಅದು ಇಲ್ಲಿನ ಲೆಕ್ಕ. ಕಾಯಿಲೆ ವಾಸಿಯಾಗಬೇಕು, ಇಲ್ಲವೇ ಕಾಯಿಲೆಯವರು ಹೋಗಬೇಕು. ಎರಡೂ ಆಗದೆ ಇರುವವರಿಗೆ ನಮ್ಮ ಬೀದಿಯಲ್ಲಿ ಕೋಳಿ ಬೇಯುವುದಿಲ್ಲ.

ಚೀಟಿಗಳನ್ನು ಎರ್ಮೆಲಿಂದಾಳ ಗಲ್ಲಾದ ಮೇಲೆ ಎಸೆದು ಕೂತುಬಿಟ್ಟೆ. ಅಳಲೂ ಆಗದಷ್ಟು ಸುಸ್ತು. ಅವಳು ಬೆಳ್ಳುಳ್ಳಿ ಬಿಡಿಸುತ್ತ ಅಂದಳು, “ನಿಂಗೆ ಗಂಡ ಅಂತ ಒಬ್ಬ ಇದ್ದಾನಲ್ಲ?”

“ಇದ್ದಾನಾ?” ಎಂದೆ.

“ಅದೇ ಒಳ್ಳೇದಾಯ್ತು. ಯಾರೂ ನೋಡಿಲ್ಲ. ಅವನಿಗೇ ಏನಾದ್ರೂ ಮಾಡ್ಸೋಣ.”

ಅವಳಿಗೆ ನಿನ್ನನ್ನು ಕೊಂದುಬಿಡಬೇಕೆಂದಿತ್ತು, ಸುಳ್ಳೇಕೆ ಹೇಳಲಿ. “ಸಾಯ್ಸಿದ್ರೆ ಜಾಸ್ತಿ ಬರತ್ತೆ ಕೊಮಾದ್ರೆ, ಆದ್ರೆ ಪಾದ್ರಿನ ಕರೀಬೇಕು, ಪೂಜೆ ಮಾಡಿಸ್ಬೇಕು, ನೀನು ವರ್ಷವಿಡೀ ಕಪ್ಪು ಉಡ್ಬೇಕು. ಖರ್ಚಿನ ಬಾಬ್ತು. ಕಾಲೇ ಸಾಕು.” ನಾನು ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೋ. ನಗು ನಿಂತ ಮೇಲೆ ಸರಿ ಎಂದೆ.

ಮೇ ಕೊನೆಯ ಶನಿವಾರ ನಿನ್ನ ಪೊಯಾಡಾ ಆಯಿತು. ಹಿಂದಿನ ದಿನವೇ ಕೋಳಿಗೆ ಕೆಂಪು ಮೆಣಸಿನಕಾಯಿ, ಜೀರಿಗೆ, ವಿನೆಗರ್ ಹಚ್ಚಿ ಬಕೆಟ್ಟುಗಳಲ್ಲಿ ನೆನೆಸಿಟ್ಟೆವು. ನಿನ್ನ ಮದುವೆಯ ಫೋಟೋ ಕತ್ತರಿಸಿ ಚೀಟಿಗೆ ಹಾಕಿಸಿದ್ದೆ. ನನ್ನ ಭುಜದ ಒಂದು ತುಂಡು ಇನ್ನೂ ನಿನ್ನ ಪಕ್ಕದಲ್ಲಿ ಉಳಿದುಕೊಂಡಿತ್ತು. ಅದೇ ಅಚ್ಚಿನವನು, ಅದೇ ‘ಆಪರೇಷನ್ ಖರ್ಚಿಗಾಗಿ’. ಈ ಸಲ ಒಂದಕ್ಷರವೂ ತಪ್ಪೆನಿಸಲಿಲ್ಲ.

ಮಾಯ್ರಾ ಅಂಗಳದಲ್ಲಿ ಇರಬೇಕಾಗಿರಲಿಲ್ಲ, ಅದೊಂದು ಪುಣ್ಯ. ಮಗಳ ಹೆಸರಿನಲ್ಲಿ ಮಾಡಿದಾಗ ಮಗಳನ್ನು ತೋರಿಸಬೇಕಿತ್ತು, ನಿನ್ನ ಹೆಸರಿನಲ್ಲಿ ಮಾಡಿದರೆ ತೋರಿಸಲು ನೀನೇ ಇಲ್ಲ. ಮಿಸ್ ಅವಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡರು. ಅವರಿಗೂ ಒಂದು ಚೀಟಿ ಕೊಟ್ಟಿದ್ದೆ. ನಿನ್ನ ಫೋಟೋ ನೋಡಿದರು, ನನ್ನ ಮುಖ ನೋಡಿದರು, ‘ನಿನ್ನ ಗಂಡನ ಕಾಲು ನಿಧಾನವಾಗಿ ವಾಸಿಯಾಗಲಿ’ ಎಂದರು. ಬೇಗ ಎನ್ನಲಿಲ್ಲ.

ಎಷ್ಟು ಜನ ಬಂದರು ಗೊತ್ತಾ? ಕೆಳಗಿನ ಬೀದಿಯವರೂ ಹತ್ತಿ ಬಂದರು. ನೀನು ಗೋಡೆ ಕಟ್ಟಿಕೊಟ್ಟವರು, ನಿನ್ನ ಜೊತೆ ಚೆಂಡಾಡಿದವರು. ಹೆಂಗಸರು ನನ್ನನ್ನು ತಬ್ಬಿಕೊಂಡು ಅತ್ತರು. ಎಂಥ ಗಂಡಸು, ಹೆಂಡತಿ ಮಗಳಿಗೋಸ್ಕರ ಪರದೇಶದಲ್ಲಿ ಕಾಲು ಮುರಿದುಕೊಂಡ ಎಂದರು. ತೆಯೋಫಿಲೊ ತನ್ನ ಸತ್ತ ಹೆಂಡತಿಯ ಊರುಗೋಲುಗಳನ್ನು ತಂದುಕೊಟ್ಟ. ಅವು ಬಾಗಿಲ ಹಿಂದೆ ನಿಂತಿವೆ. ನೀನು ಭಾನುವಾರ ಭಾನುವಾರ ಫುಟ್‌ಬಾಲ್ ಆಡುತ್ತೀ, ಹೋದ ಪಂದ್ಯದಲ್ಲಿ ಎರಡು ಗೋಲು ಹೊಡೆದೆ ಎಂದು ವಿಲ್ಬರ್ ನನಗೆ ಆಗಲೇ ಹೇಳಿದ್ದ. ಅವನನ್ನೂ ಜನ ಸುತ್ತುವರಿದು ಕೇಳಿದರು, ನೀನೇ ಕಣ್ಣಾರೆ ನೋಡಿದವನಲ್ಲವಾ ಎಂದು. ಅವನು ಕೈಯಲ್ಲಿದ್ದ ಕೋಳಿ ಕಾಲನ್ನು ತಟ್ಟೆಗಿಟ್ಟು, ನನ್ನ ಕಡೆ ಒಮ್ಮೆ ನೋಡಿ, “ಅಣ್ಣ ಎದ್ದು ಕೂರೋದೇ ಕಷ್ಟ” ಎಂದ. ಅವನಿಗೆ ಏನೂ ಅನ್ನಬೇಡ.

ಆ ಸಂಜೆ ನನಗೆ ಹೊಟ್ಟೆಕಿಚ್ಚಾಯಿತು. ಹೌದು, ನಿನ್ನ ಕಾಲಿನ ಮೇಲೆ. ಮುರಿಯದೇ ಇರುವ ಆ ಕಾಲಿಗೆ ಸಿಕ್ಕ ಕಣ್ಣೀರಿನಲ್ಲಿ ನನ್ನ ಮಗಳ ಪಾಲಿಗೆ ಎರಡನೆಯ ವರ್ಷಕ್ಕೆ ಒಂದು ಹನಿಯೂ ಸಿಕ್ಕಿರಲಿಲ್ಲ. ಕಾಲು ಎಂದರೆ ಎಲ್ಲರಿಗೂ ಗೊತ್ತು. ಮಾತಾಡದ, ಕಣ್ಣಿಟ್ಟು ನೋಡದ, ಬಾಗಿಲ ಚಿಲಕವನ್ನು ಬೆಳಗಿನಿಂದ ಸಂಜೆವರೆಗೆ ತೆಗೆದು ಹಾಕಿ ಮಾಡುವ ಹುಡುಗಿ ಎಂದರೆ ಯಾರಿಗೂ ಗೊತ್ತಿಲ್ಲ. ನಿನಗೂ ಗೊತ್ತಿರಲಿಲ್ಲ. ಹೋಗುವ ದಿನ ಬಾಗಿಲಲ್ಲಿ ನಿಂತು ಏನು ಹೇಳಿದೆ ನೆನಪಿದೆಯಾ? ಅಪ್ಪಾ ಅಂತ ಕರೆದ ದಿನ ಫೋನ್ ಮಾಡು, ಬರ್ತೀನಿ ಅಂದೆ. ಮೂರು ವರ್ಷವಾಯಿತು. ಅವಳು ಕರೆದಿಲ್ಲ, ನಾನು ಆ ಫೋನ್ ಮಾಡಿಲ್ಲ. ಈಗ ಯಾರೂ ಕರೆಯದೆ ನೀನಾಗಿ ಹೊರಟಿದ್ದೀ. ಅದು ಏಕೆ ಎಂದು ವಿಲ್ಬರ್‌ಗೂ ಗೊತ್ತಿಲ್ಲ.

ಮಿಸ್‌ಗೆ ಬಾಕಿ ಕೊಟ್ಟಾಯಿತು, ಮುಂದಿನ ಬೇಸಿಗೆವರೆಗೆ ಮಾಯ್ರಾಳ ಜಾಗ ಗಟ್ಟಿ. ಈಗ ನೀನು ಜುಲೈಯಲ್ಲಿ ಎರಡು ಕಾಲಿನ ಮೇಲೆ ದಾಪುಗಾಲು ಹಾಕುತ್ತ ಗುಡ್ಡ ಹತ್ತಿ ಬಂದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ದುಡ್ಡು ವಾಪಸ್ ಕೇಳುತ್ತಾರೆ, ಕೇಳದಿದ್ದರೆ ಇನ್ನೂ ಕಷ್ಟ. ಆಮೇಲೆ ಈ ಬೀದಿಯಲ್ಲಿ ನಾನು ಉಪ್ಪು ಕಡ ಕೇಳುವುದೂ ಸಾಧ್ಯವಿಲ್ಲ. ಮುಂದಿನ ವರ್ಷ ಯಾರ ಏನನ್ನು ಮುರಿಯಬೇಕೋ ಎಂದು ಎರ್ಮೆಲಿಂದಾ ಈಗಲೇ ಯೋಚಿಸುತ್ತಿದ್ದಾಳೆ, ತನ್ನ ಪಿತ್ತಕೋಶ ಕೊಡಲು ತಯಾರಿದ್ದಾಳಂತೆ.

ನನಗೆ ಸಾಕಾಗಿದೆ ಎಫ್ರಾಯಿನ್. ಬೆಳಿಗ್ಗೆ ಅವಳನ್ನು ಎಬ್ಬಿಸಿ, ಅರ್ಧ ತಲೆ ಬಾಚಿ, ಬಸ್ಸಿನಲ್ಲಿ ಜನರ ಕಣ್ಣು ತಪ್ಪಿಸಿ ಕೆಳಗಿಳಿಸಿ, ಮತ್ತೆ ಹತ್ತಿಸಿ, ಆಮೇಲೆ ಬೇರೆಯವರ ಬಟ್ಟೆ ಹೊಲಿದು. ನಿನ್ನ ಮೇಲೆ ಸಿಟ್ಟಾಗುವುದಕ್ಕೂ ಈಗ ತ್ರಾಣವಿಲ್ಲ. ನಿನಗೆ ಬರಲೇಬೇಕೆನಿಸಿದರೆ ಬಸ್ಸಿನ ದುಡ್ಡನ್ನು ಮಿಸ್‌ಗೆ ಕಳಿಸು, ಅಲ್ಲೇ ಇರು.

ಕೈಗಳಿಂದ ಇನ್ನೂ ಹೊಗೆಯ ವಾಸನೆ ಹೋಗದ,
ಸೆನಾಯ್ದಾ

ತಾ.ಕ.: ಎಡಗಾಲು. ಮೊಣಕಾಲಿನ ಕೆಳಗೆ. ಬಸ್ಸಿನಿಂದ ಇಳಿಯುವಾಗಲೇ ಕುಂಟಲು ಶುರುಮಾಡು, ನಿಲ್ದಾಣದ ಎದುರಿಗೇ ತೆಯೋಫಿಲೊ ಕೂತಿರುತ್ತಾನೆ. ಮೆಟ್ಟಿಲುಗಳ ಮೇಲೆ ಅಲ್ಲಲ್ಲಿ ನಿಂತು ಉಸಿರು ತೆಗೆದುಕೋ. ಆದರೆ ಮನೆಯ ಬಾಗಿಲು ದಾಟಿದ ಮೇಲೆ ಒಂದು ಹೆಜ್ಜೆಯೂ ಕುಂಟಬೇಡ. ಇದನ್ನು ನಿನಗೆ ಬರೆಯಬಾರದು ಎಂದುಕೊಂಡಿದ್ದೆ: ಹೋದ ತಿಂಗಳಿನಿಂದ ಮಾಯ್ರಾ ಕಂಡದ್ದನ್ನು ಮಾಡತೊಡಗಿದ್ದಾಳೆ. ನಾನು ಹಣೆ ಒರೆಸಿಕೊಂಡರೆ ಒರೆಸಿಕೊಳ್ಳುತ್ತಾಳೆ, ಎರ್ಮೆಲಿಂದಾ ಸೊಂಟ ಹಿಡಿದು ನಡೆದರೆ ಹಿಂದೆಯೇ ಸೊಂಟ ಹಿಡಿದು ನಡೆಯುತ್ತಾಳೆ. ಮೊದಲ ಸಲ ಅದನ್ನು ನೋಡಿದ ದಿನ ಮಿಸ್ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ನಿಂತುಬಿಟ್ಟರು. ಮಾತು ಬರುವುದಾದರೆ ಇದೇ ದಾರಿಯಲ್ಲಿ ಬರಬೇಕಂತೆ. ಅವಳು ತನ್ನ ಅಪ್ಪನಿಂದ ಮೊದಲು ಕಲಿಯುವುದು ಕುಂಟುವುದು ಆಗಬಾರದು.